ಒಂದು ಡ್ರೈವರ್, ಎಂಟು ಸೊರಗಿದ ಆನೆಗಳು

ಕಂಪ್ಯೂಟರಿನ ವಿಷಯದಲ್ಲಿ ವಾಡಿಯಿಂದ ನಾಲವಾರದವರೆಗೆ ನನ್ನನ್ನು ಸರಿಗಟ್ಟುವ ಗಂಡಸು ಹುಟ್ಟಿಲ್ಲ ಎಂದು ಕಳೆದ ಬೇಸಿಗೆಯವರೆಗೂ ನಾನು ನಂಬಿದ್ದೆ. ಹೆಂಗಸರ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ಎಡವಿದ್ದು ಅಲ್ಲಿಯೇ!

ನಂಬಿಕೆಗೆ ಆಧಾರವಿಲ್ಲದೆ ಇರಲಿಲ್ಲ. ನಾನು ನಾಲವಾರ ಕಡೆಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ದಿನಾ ವಾಡಿಯಿಂದ ರೈಲಿಗೆ ಹೋಗಿ ರೈಲಿಗೇ ಬರುತ್ತೇನೆ. ಶಾಲೆಯ ಕಂಪ್ಯೂಟರ್ ಕೋಣೆಯ ಬೀಗದ ಕೈ ಹನ್ನೊಂದು ವರ್ಷಗಳಿಂದ ನನ್ನ ಜೇಬಿನಲ್ಲಿದೆ. ಬೀಗ ತೆಗೆಯುವವನು ನಾನು, ಹಾಕುವವನು ನಾನು, ನಡುವೆ ಕರೆಂಟು ಹಾರಿದರೆ "ಯಾರೂ ಏನೂ ಮುಟ್ಟಬ್ಯಾಡ್ರಿ!" ಎಂದು ಗರ್ಜಿಸುವವನೂ ನಾನೇ. ಮಾಸ್ತರರು ಬಂದು "ಹಣಮಂತರಾಯರ, ಪ್ರಿಂಟ್ ಬರವಲ್ದು" ಎಂದರೆ ನಾನು ಗಂಭೀರವಾಗಿ ಎದ್ದು ಹೋಗಿ ಪ್ರಿಂಟರನ್ನು ಆರಿಸಿ ಮತ್ತೆ ಹಚ್ಚುತ್ತೇನೆ. ಹತ್ತರಲ್ಲಿ ಆರು ಸಲ ಪ್ರಿಂಟ್ ಬರುತ್ತದೆ. ಉಳಿದ ನಾಲ್ಕು ಸಲ ಕಾಗದದ ತಪ್ಪು.

ಇಂಥ ಪಂಡಿತನ ಮನೆಯಲ್ಲೇ ಕಂಪ್ಯೂಟರ್ ಸತ್ತುಹೋಯಿತು!

ಅದು ನನ್ನದಲ್ಲ, ನನ್ನ ಹೆಂಡತಿ ಚಂದ್ರಕಲಾಳದು. ಅವಳು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ, ಅದರ ಮೇಲೆ ಎಂಬ್ರಾಯಿಡರಿ ಮಾಡುತ್ತಾಳೆ. ಕೈಯಿಂದಲ್ಲ, ಮಶೀನಿನಿಂದ. ಕಂಪ್ಯೂಟರಿನಲ್ಲಿ ನವಿಲೋ ಹೂವೋ ಬಿಡಿಸಿ ಪೆನ್‌ಡ್ರೈವಿಗೆ ಹಾಕಿ ಮಶೀನಿಗೆ ಚುಚ್ಚಿದರೆ, ಸೂಜಿ ತಾನೇ ಕುಣಿಯುತ್ತ ಬಟ್ಟೆಯ ಮೇಲೆ ಆ ಚಿತ್ರವನ್ನು ಹೊಲಿದುಕೊಂಡು ಹೋಗುತ್ತದೆ. ಚಿತ್ತಾಪುರ, ಶಹಾಬಾದ, ಸೇಡಂ, ಎಲ್ಲ ಕಡೆಯಿಂದ ಮದುಮಕ್ಕಳು ಅವಳನ್ನು ಹುಡುಕಿಕೊಂಡು ಬರುತ್ತಾರೆ. ನನ್ನನ್ನು ಹುಡುಕಿಕೊಂಡು ಬರುವವರು ರೇಷನ್ ಕಾರ್ಡಿನ ಜೆರಾಕ್ಸ್ ಕೇಳುವವರು ಮಾತ್ರ. ಇರಲಿ.

ಮೇ ತಿಂಗಳ ಬಿಸಿಲಿಗೆ ಅವಳ ಹಳೆಯ ಕಂಪ್ಯೂಟರ್ ಒಂದು ಸಲ ಕೆಮ್ಮಿ, ಹೊಗೆ ಬಿಟ್ಟು, ಸುಮ್ಮನಾಯಿತು. ಕಲಬುರಗಿಯಿಂದ ಹೊಸದು ತಂದೆವು. ಪರದೆಯಂತೂ ಬಾಗಿಲಿನಷ್ಟು ಅಗಲ! ಆದರೆ ಅವಳ ಡಿಸೈನ್ ಸಾಫ್ಟ್‌ವೇರ್ ಹದಿನೈದು ವರ್ಷ ಹಳೆಯದು. ಹಳೆಯ ವಿಂಡೋಸ್ ಇದ್ದರೆ ಮಾತ್ರ ಏಳುತ್ತದೆ. ಹೊಸ ಕಂಪ್ಯೂಟರಿನಲ್ಲಿ ಹಾಕಿದರೆ ಕಣ್ಣೇ ಬಿಡಲಿಲ್ಲ.

"ಇನ್ನ ಹ್ಯಾಂಗ್ರಿ? ಲುಂಬಿನಿ ಮದಿವಿ ಬರೋ ಐತ್ವಾರ ಅದ" ಎಂದಳು ಚಂದ್ರಕಲಾ.

ಲುಂಬಿನಿ ಚಿತ್ತಾಪುರದ ಹುಡುಗಿ, ಸರ್ಕಾರಿ ದವಾಖಾನೆಯಲ್ಲಿ ನರ್ಸ್. ಅವಳ ಬ್ಲೌಸಿನ ಬಟ್ಟೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಅವಳ ಅಜ್ಜಿ ಭೀಮಮ್ಮ ತನ್ನ ಮದುವೆಯ ಬಿಳಿ ರೇಷ್ಮೆ ಸೀರೆಯನ್ನು ಐವತ್ತೆರಡು ವರ್ಷ ಟ್ರಂಕಿನಲ್ಲಿ ಬೇವಿನ ಎಲೆಯ ನಡುವೆ ಕಾಪಾಡಿ, ಮೊಮ್ಮಗಳಿಗಾಗಿ ಅದರ ಸೆರಗಿನ ತುಂಡೊಂದನ್ನು ಕತ್ತರಿಸಿ ಕೊಟ್ಟಿದ್ದಳು. ಬೆನ್ನಿನ ಮೇಲೆ ಎಂಟು ಬಂಗಾರದ ಆನೆಗಳು ಇರಬೇಕು, ನಾಲ್ಕು ಈ ಕಡೆ, ನಾಲ್ಕು ಆ ಕಡೆ, ಒಂದೊಂದರ ಸೊಂಡಿಲಲ್ಲೂ ಒಂದೊಂದು ಕಮಲ. ಚಂದ್ರಕಲಾ ಹಳೆಯ ಕಂಪ್ಯೂಟರ್ ಸಾಯುವ ಮೊದಲೇ ಡಿಸೈನ್ ಮುಗಿಸಿ ಪೆನ್‌ಡ್ರೈವಿನಲ್ಲಿ ಇಟ್ಟಿದ್ದಳು. ಅಷ್ಟರಲ್ಲಿ ಲುಂಬಿನಿಯ ಫೋನು: "ಅಕ್ಕಾ, ಕಮಲ ಕೆಂಪು ಬ್ಯಾಡ್ರಿ, ನೀಲಿ ಇರ್ಲಿ." ಬಣ್ಣ ಬದಲಿಸಬೇಕೆಂದರೆ ಆ ಸಾಫ್ಟ್‌ವೇರ್ ತೆರೆಯಲೇಬೇಕು.

ನಾನು ಎದೆ ಉಬ್ಬಿಸಿದೆ.

"ಫಿಕರ್ ಮಾಡಬ್ಯಾಡ. ಈ ಹೊಸ ಕಂಪ್ಯೂಟರ್ ಒಳಗ ಒಂದು ಹಳೇ ಕಂಪ್ಯೂಟರ್ ಕುಂದ್ರಸ್ತೀನಿ. ವರ್ಚುವಲ್ ಮಶೀನ್ ಅಂತಾರ ಅದಕ್ಕ."

"ಒಳಗ? ಜಾಗಾ ಎಲ್ಲದ?"

"ಅದು ಖರೇ ಕಂಪ್ಯೂಟರ್ ಅಲ್ಲ. ಇದ್ದಂಗ ಇರ್ತದ, ಆದ್ರ ಇರಂಗಿಲ್ಲ. ಕಂಪ್ಯೂಟರ್ ಹೊಟ್ಟ್ಯಾಗ ಇನ್ನೊಂದು ಕಂಪ್ಯೂಟರ್!"

ಅಕ್ಕಿ ಆರಿಸುತ್ತ ಕುಳಿತಿದ್ದ ನನ್ನ ಅವ್ವ ಯಂಕಮ್ಮ ತಲೆ ಎತ್ತಿ ಕೇಳಿದಳು: "ಎಷ್ಟ ತಿಂಗಳಾದವು?"

ನಾನು ಕೆಲಸಕ್ಕೆ ಇಳಿದೆ. ಮೊಬೈಲಿನಲ್ಲಿ ವಿಡಿಯೋ ನೋಡಿ, ನಿಲ್ಲಿಸಿ, ನೋಡಿ, ನಿಲ್ಲಿಸಿ, ಅರ್ಧ ದಿನದಲ್ಲಿ ಆ ಒಳಗಿನ ಯಂತ್ರವನ್ನು ಹುಟ್ಟಿಸಿಯೇ ಬಿಟ್ಟೆ! ಹಳೆಯ ವಿಂಡೋಸ್ ಟಿಣ್ ಎಂದು ಹಾಡಿ ಎದ್ದಿತು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಚಂದ್ರಕಲಾ ಕಣ್ಣು ಕಿರಿದು ಮಾಡಿಕೊಂಡು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದಳು.

ಬಾಗಿಲಿನಷ್ಟು ಅಗಲದ ಪರದೆ. ಅದರ ನಡುವೆ ಬಿಸ್ಕಿಟ್ ಪುಡಿಕೆಯಷ್ಟು ಚೌಕ. ಸುತ್ತ ನಾಲ್ಕೂ ಕಡೆ ಕಪ್ಪು.

"ಏನ್ರಿ ಇದು? ದೊಡ್ಡ ವಾಡೇ ಕಟ್ಟಿ, ಜಗಲಿ ಮ್ಯಾಲ ಮಲಗ್ರಿ ಅಂದಂಗಾತು!"

"ರೆಸಲ್ಯೂಶನ್ ಸರಿ ಇಲ್ಲ" ಎಂದೆ, ವೈದ್ಯರು ನಾಡಿ ಹಿಡಿದು ಹೇಳುವ ಹಾಗೆ. "ಈಗ ರೆಸಲ್ಯೂಶನ್ ಮಾಡ್ತೀನಿ."

"ಹೊಸ ವರ್ಷಕ್ಕ ಮಾಡ್ತೀರಲ್ಲ, ಮುಂಜಾನೆ ಎದ್ದು ವಾಕಿಂಗ್ ಹೋಗ್ತೀನಿ ಅಂತ, ಅಂಥಾದ್ದೇ?"

"ಅದು ಬ್ಯಾರೇ, ಇದು ಬ್ಯಾರೇ! ಪರದಿ ಮ್ಯಾಲ ಅಡ್ಡಕ್ಕ ಎಷ್ಟು ಚುಕ್ಕಿ, ಉದ್ದಕ್ಕ ಎಷ್ಟು ಚುಕ್ಕಿ ಅಂತ ಲೆಕ್ಕ. ಈ ಒಳಗಿನ ಕಂಪ್ಯೂಟರಿಗೆ ತನ್ನ ಪರದಿ ಎಷ್ಟು ದೊಡ್ಡದದ ಅಂತ ಗೊತ್ತಿಲ್ಲ. ಅದನ್ನ ಹೇಳೋದೇ ಡಿಸ್ಪ್ಲೇ ಡ್ರೈವರ್. ಆ ಡ್ರೈವರ್ ಇಲ್ಲ ನೋಡು, ಅದಕ್ಕ ಹಿಂಗ. ಒಂದು ಡ್ರೈವರ್ ಸಿಕ್ಕರ ಕೆಲಸ ಮುಗೀತು!"

ನಾನು ಅಂತರ್ಜಾಲದಲ್ಲಿ ಡ್ರೈವರ್ ಹುಡುಕುತ್ತಿದ್ದೆ. ಅವ್ವ ಯಾವಾಗ ಎದ್ದು ಹೊರಗೆ ಹೋದಳೋ ತಿಳಿಯಲಿಲ್ಲ. ಹತ್ತು ನಿಮಿಷದಲ್ಲಿ ಪಕ್ಕದ ಮನೆಯ ಶೌಕತ ಅಲಿ ಚಾಚಾ ಚಪ್ಪಲಿ ಬಿಟ್ಟು ಒಳಗೆ ಬಂದರು. ರೈಲ್ವೆಯಲ್ಲಿ ಮೂವತ್ತೈದು ವರ್ಷ ಎಂಜಿನ್ ಡ್ರೈವರ್ ಆಗಿ ನಿವೃತ್ತರಾದವರು. ಶರ್ಟು ಹಾಕಿಕೊಂಡು, ಕನ್ನಡಕ ಒರೆಸಿಕೊಂಡು ಸಿದ್ಧರಾಗಿಯೇ ಬಂದಿದ್ದರು.

"ಬೋಲೊ ಬೇಟಾ. ಯಂಕಮ್ಮಕ್ಕ ಹೇಳಿದ್ರು, ಡ್ರೈವರ್ ಸಿಗವಲ್ನಂತ. ಯಾವ ಗಾಡಿ?"

ಚಂದ್ರಕಲಾ ಸೆರಗು ಬಾಯಿಗೆ ಅಡ್ಡ ಹಿಡಿದು ಅಡುಗೆಮನೆಗೆ ಓಡಿದಳು. ನಾನು ವಿವರಿಸಿ ಹೇಳಿದೆ. ಚಾಚಾ ಬೇಸರ ಮಾಡಿಕೊಳ್ಳಲಿಲ್ಲ. "ಬಂದದ್ದು ಬಂದೀನಿ, ಚಾ ಕುಡದು ಹೋಗ್ತೀನಿ. ನೀ ಚಲಾಸು, ನಾ ನೋಡ್ತೀನಿ" ಎಂದು ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತರು. ಹಿಂದೆ ಒಬ್ಬ ಡ್ರೈವರ್ ಕುಳಿತಿರುವಾಗ ಮುಂದೆ ಗಾಡಿ ಓಡಿಸುವುದು ಎಷ್ಟು ಕಷ್ಟವೆಂದು ನನಗೆ ಆವತ್ತೇ ಗೊತ್ತಾದದ್ದು.

ಎಲ್ಲಿಂದಲೋ ಒಂದು ಡ್ರೈವರ್ ಇಳಿಸಿ ಹಾಕಿದೆ. ಅದು ಯಾವುದರ ಡ್ರೈವರೋ ದೇವರೇ ಬಲ್ಲ. ಆದರೂ ಪಟ್ಟಿಯಲ್ಲಿ ಮೂರು ಹೊಸ ಅಳತೆಗಳು ಕಾಣಿಸಿಕೊಂಡವು. ಮೂರೂ ಸಣ್ಣವು. ನನಗೆ ಸಣ್ಣದು ಯಾಕೆ? ಕೆಳಗೆ 'ನಿಮ್ಮದೇ ಅಳತೆ ಬರೆಯಿರಿ' ಎಂಬ ಜಾಗವಿತ್ತು. ಬರೆದೆ! ಅಡ್ಡಕ್ಕೆ ಮೂರು ಸಾವಿರದ ಎಂಟುನೂರ ನಲವತ್ತು, ಉದ್ದಕ್ಕೆ ಎರಡು ಸಾವಿರದ ನೂರ ಅರವತ್ತು. ಬರೆಯುವುದಾದರೆ ಕೈ ಬಿಗಿ ಹಿಡಿಯುವುದೇಕೆ?

ಪರದೆ ಒಂದು ಕ್ಷಣ ಕಪ್ಪಾಗಿ ತೆರೆದುಕೊಂಡಿತು. ಎಲ್ಲ ಇತ್ತು, ಆದರೆ ಎಲ್ಲವೂ ಸಾಸಿವೆ ಕಾಳಾಗಿತ್ತು! ಅಕ್ಷರಗಳು ಇರುವೆ ಸಾಲಿನಂತೆ ಹರಿದಾಡುತ್ತಿದ್ದವು. ನಡುವೆ ಇರುವೆಗಳೇ ಬರೆದಂಥ ಏನೋ ಒಂದು ಪ್ರಶ್ನೆ. ಓದಲು ನಾನು ಬಗ್ಗಿದೆ. ಚಾಚಾ ಬಗ್ಗಿದರು. ನಮ್ಮಿಬ್ಬರ ತಲೆ ಡಿಕ್ಕಿ ಹೊಡೆಯಿತು. ಅಷ್ಟರಲ್ಲಿ ಹದಿನೈದು ಸೆಕೆಂಡು ಮುಗಿದು ಎಲ್ಲ ಮೊದಲಿನಂತಾಯಿತು. ಮತ್ತೆ ಮಾಡಿದೆ. ಮತ್ತೆ ಹಾಗೆಯೇ! ಮೂರನೆಯ ಸಲ ಅವ್ವನ ಕೊಬ್ಬರಿ ಎಣ್ಣೆ ಬಾಟಲಿಯನ್ನೇ ಭೂತಗನ್ನಡಿಯಂತೆ ಹಿಡಿದು ಓದಿದೆ. 'ಈ ಬದಲಾವಣೆಯನ್ನು ಉಳಿಸಿಕೊಳ್ಳಬೇಕೆ?' ಎಂದು ಅದು ಕೇಳುತ್ತಿತ್ತು. ಬೇಡ ಎನ್ನುವಷ್ಟು ವಿವೇಕ ಇನ್ನೂ ನನ್ನಲ್ಲಿ ಉಳಿದಿತ್ತು.

"ಬೇಟಾ," ಎಂದರು ಚಾಚಾ ಚಾ ಹೀರುತ್ತ, "ಆ ಕೆಳಗಿನ ಮೂಲ್ಯಾಗ ಏನೋ ಒಂದು ಚೀಟಿ ಬರ್ತದ, ನೀ ಅದನ್ನ ಹೊಡೀತಿ. ಮತ್ತ ಬರ್ತದ, ಮತ್ತ ಹೊಡೀತಿ. ಅದೇನು?"

"ಅದು ಸುಮ್ಮ ಬರ್ತಿರ್ತದ ಚಾಚಾ. ಅದಕ್ಕ ಲಕ್ಷ್ಯ ಕೊಡಬಾರದು."

"ನಮ್ಮ ಲೈನಿನ್ಯಾಗ ಹಂಗ ಪದೇ ಪದೇ ಬರೋದಕ್ಕ ಸಿಗ್ನಲ್ ಅಂತಿದ್ವಿ" ಎಂದು ಅವರು ಕಪ್ಪು ಕೆಳಗಿಟ್ಟು ಮನೆಗೆ ಹೋದರು.

ಕೊನೆಗೆ ನನಗೊಂದು ಅದ್ಭುತ ಉಪಾಯ ಹೊಳೆಯಿತು. ಪಟ್ಟಿಯಲ್ಲಿದ್ದ ಹಳೆಯ ಅಳತೆ, ಒಂದು ಸಾವಿರದ ಇಪ್ಪತ್ನಾಲ್ಕಕ್ಕೆ ಏಳುನೂರ ಅರವತ್ತೆಂಟು, ಅದನ್ನೇ ಆರಿಸಿದೆ. ಚೌಕ ಸ್ವಲ್ಪ ದೊಡ್ಡದಾಯಿತು, ಆದರೂ ಎರಡು ಪಕ್ಕದಲ್ಲಿ ಕಪ್ಪು ಉಳಿಯಿತು. ಮೆನುವಿನಲ್ಲಿ 'ಪರದೆ ತುಂಬ ಎಳೆ' ಎಂಬ ಅರ್ಥದ ಒಂದು ಸಾಲು ಕಂಡಿತು. ಒತ್ತಿದೆ. ಆಹಾ! ಕಪ್ಪು ಮಾಯ! ಈ ಗೋಡೆಯಿಂದ ಆ ಗೋಡೆಗೆ ಹಳೆಯ ವಿಂಡೋಸ್ ಹಾಸಿಕೊಂಡು ಮಲಗಿತು!

"ಬಾ ಚಂದ್ರಕಲಾ, ಬಂದು ನೋಡು! ಇದಕ್ಕ ಅಂತಾರ ತಂತ್ರಜ್ಞಾನ!"

ಅವಳು ಹಿಟ್ಟಿನ ಕೈ ಒರೆಸಿಕೊಂಡು ಬಂದು ನೋಡಿದಳು.

"ಎಲ್ಲಾ ಒಂಚೂರು ಉಬ್ಬಿದಂಗ ಕಾಣ್ಲಿಕತ್ತಾದಲ್ರಿ?"

"ಹಳೇ ಪರದಿ ನೋಡಿ ನೋಡಿ ನಿನ್ನ ಕಣ್ಣಿಗೆ ಸಣ್ಣದೇ ರೂಢಿ ಆಗ್ಯಾದ. ಇದು ಎಚ್‌ಡಿ!"

ಎಚ್‌ಡಿ ಎಂಬ ಎರಡು ಅಕ್ಷರದ ಮುಂದೆ ಯಾರೂ ವಾದ ಮಾಡುವುದಿಲ್ಲ. ಅವಳೂ ಮಾಡಲಿಲ್ಲ. ಕುಳಿತು ಕಮಲಗಳ ಬಣ್ಣ ಬದಲಿಸಿ ಉಳಿಸಿದಳು. ನೀಲಿ ರೇಷ್ಮೆ ದಾರ ಮಾತ್ರ ಮನೆಯಲ್ಲಿ ಇರಲಿಲ್ಲ. ಮರುದಿನ, ನನಗೆ ಶಾಲೆಯ ರಜೆ, ಅವಳು ಬೆಳಿಗ್ಗೆಯ ರೈಲಿಗೆ ಶಹಾಬಾದಕ್ಕೆ ಹೊರಟಳು. ಹೋಗುವ ಮೊದಲು ಅಜ್ಜಿಯ ರೇಷ್ಮೆಯನ್ನು ಮಶೀನಿನ ಫ್ರೇಮಿಗೆ ಬಿಗಿದಿಟ್ಟು, ಬಂಗಾರದ ಜರಿ ಪೋಣಿಸಿ, ನನ್ನ ಕಡೆ ತಿರುಗಿದಳು.

"ನಾ ಬಂದ ಮ್ಯಾಲ ಚಾಲೂ ಮಾಡ್ತೀನಿ. ಅಲ್ಲೀ ತನಕ ಏನೂ ಮುಟ್ಟಬ್ಯಾಡ್ರಿ."

ಹನ್ನೊಂದು ವರ್ಷದಿಂದ ನಾನು ಊರ ಮಕ್ಕಳಿಗೆಲ್ಲ ಹೇಳುವ ಮಾತನ್ನು ನನಗೇ ಹೇಳುವುದೇ!

ಮುಟ್ಟುವ ವಿಚಾರ ನನಗೆ ಇರಲಿಲ್ಲ. ಸುಮ್ಮನೆ ನನ್ನ ಪರದೆಯ ವೈಭವ ನೋಡೋಣವೆಂದು ಡಿಸೈನ್ ತೆರೆದೆ. ತೆರೆದವನು ಬೆಚ್ಚಿಬಿದ್ದೆ. ಆನೆಗಳು ದಪ್ಪ! ದಪ್ಪವೆಂದರೆ ಅಂತಿಂಥ ದಪ್ಪವಲ್ಲ, ಹಿಂದಿನ ಕಾಲು ಒಂದು ಊರಲ್ಲಿ, ಮುಂದಿನ ಕಾಲು ಇನ್ನೊಂದು ಊರಲ್ಲಿ! ಹೊಟ್ಟೆ ಹಂಡೆಯಂತೆ ಪಕ್ಕಕ್ಕೆ ಹಿಗ್ಗಿತ್ತು. ನನ್ನ ಹೆಂಡತಿಯ ಕೈ ಇಷ್ಟೊಂದು ಕೆಟ್ಟಿತೇ? ಪಾಪ, ಆ ಸಣ್ಣ ಹಳೆಯ ಪರದೆಯಲ್ಲಿ ಅವಳಿಗೆ ಗೊತ್ತೇ ಆಗಿರಲಿಕ್ಕಿಲ್ಲ. ಈಗ ಹೇಳಿದರೆ ನೊಂದುಕೊಳ್ಳುತ್ತಾಳೆ. ಹೇಳದೆ ನಾನೇ ಸರಿ ಮಾಡಿಬಿಟ್ಟರೆ? ಗಂಡನೆಂದರೆ ಹೀಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಕಣ್ಣಲ್ಲಿ ನೀರು ತಂದುಕೊಂಡೆ.

ಒಂದೊಂದೇ ಆನೆಯನ್ನು ಹಿಡಿದೆ. ಪಕ್ಕದ ಚುಕ್ಕೆಯನ್ನು ಒಳಗೆ ತಳ್ಳಿದೆ. ಹೊಟ್ಟೆ ಇಳಿಯಿತು. ಪರದೆಯ ಮೇಲೆ ಅದು ಅಚ್ಚುಕಟ್ಟಾದ ಆನೆಯಾಗಿ ನಿಲ್ಲುವವರೆಗೂ ತಳ್ಳಿದೆ. ಎಂಟೂ ಆನೆಗಳಿಗೆ ಒಂದೇ ತಾಸಿನಲ್ಲಿ ಬೊಜ್ಜು ಕರಗಿಸಿದೆ! ಪೆನ್‌ಡ್ರೈವಿಗೆ ಹಾಕಿದೆ. ಇಷ್ಟು ಮಾಡಿದವನು ಅಲ್ಲಿಗೇ ನಿಲ್ಲಬಹುದಿತ್ತಲ್ಲ? ಅವಳು ಬರುವಷ್ಟರಲ್ಲಿ ಬಂಗಾರದ ಕೆಲಸ ಮುಗಿದಿದ್ದರೆ, ಬಂದವಳೇ ನೀಲಿ ಕಮಲ ಹಾಕಿದರಾಯಿತು ಎಂದುಕೊಂಡೆ. ಮಶೀನಿನ ಮುಂದೆ ಕುಳಿತು ಪೆನ್‌ಡ್ರೈವ್ ಚುಚ್ಚಿದೆ.

ಮಶೀನಿನ ಮೇಲೆ ಅಂಗೈಯಷ್ಟು ಒಂದು ಪುಟ್ಟ ಪರದೆ ಇದೆ. ಅದರಲ್ಲಿ ಆನೆಗಳು ತೆಳ್ಳಗೆ, ಉದ್ದಕ್ಕೆ ಕಂಡವು.

ನಾನು ನಕ್ಕುಬಿಟ್ಟೆ. "ಪಾಪ, ಇದರ ರೆಸಲ್ಯೂಶನ್ ಕೂಡ ಕೆಟ್ಟಾದ" ಎಂದು ಮಶೀನಿಗೆ ಸಮಾಧಾನ ಹೇಳಿ ಹಸಿರು ಗುಂಡಿ ಒತ್ತಿದೆ.

ಸೂಜಿ ಟಕಟಕ ಕುಣಿಯಿತು. ಒಂದೂವರೆ ತಾಸು ಕುಣಿಯಿತು. ಅವ್ವ ಬಂದು ಪಕ್ಕದಲ್ಲಿ ಕುಳಿತು ಕಣ್ಣು ಮಿಟುಕಿಸದೆ ನೋಡಿದಳು. ಕೊನೆಯ ಆನೆ ಮುಗಿದು ಮಶೀನು ಪೀಂ ಎಂದಾಗ ಅವ್ವ ತಲೆದೂಗಿದಳು.

"ಕುದುರಿ ಭಾಳ ಚಂದ ಬಂದಾವಲ್ಲೋ ಹಣಮ್ಯಾ!"

"ಅವ್ವಾ, ಅವು ಆನಿ."

ಅವ್ವ ಬಗ್ಗಿ ನೋಡಿದಳು. "ಹೌದೇನು? ಮತ್ತ ಯಾರು ಕಟ್ಟಿಹಾಕಿ ಉಪಾಸ ಕೆಡವ್ಯಾರ ಇವಕ್ಕ?"

ನಾನು ಫ್ರೇಮಿನತ್ತ ಬಗ್ಗಿದೆ. ಐವತ್ತೆರಡು ವರ್ಷದ ರೇಷ್ಮೆಯ ಮೇಲೆ ಎಂಟು ಬಂಗಾರದ ಪ್ರಾಣಿಗಳು ನಿಂತಿದ್ದವು. ಕೊಕ್ಕರೆಯ ಕಾಲು, ಆಡಿನ ಹೊಟ್ಟೆ, ಮುಖದ ತುದಿಯಲ್ಲಿ ಕೊಳವೆಯಂತೆ ಜೋತುಬಿದ್ದ ಒಂದು ಸೊಂಡಿಲು. ಓಡಿಹೋಗಿ ಕಂಪ್ಯೂಟರ್ ನೋಡಿದೆ. ಅಲ್ಲಿ ಸಾಕ್ಷಾತ್ ಗಜರಾಜರು! ಇಲ್ಲಿಗೆ ಬಂದೆ. ಸೊರಗಿದ ಒಂಟೆಗಳು! ಹೀಗೆ ಐದು ಸಲ ಓಡಾಡಿದೆ. ಓಡಾಟದಿಂದ ಆನೆಗಳು ದಪ್ಪವಾಗಲಿಲ್ಲ.

ಹೊರಗೆ ಆಟೋ ನಿಂತಿತು. ಚಂದ್ರಕಲಾ ನೀಲಿ ದಾರದ ರೀಲು ಹಿಡಿದು ಒಳಗೆ ಬಂದಳು. ನನ್ನ ಮುಖ ನೋಡಿದಳು, ನನ್ನ ಹಿಂದಿನ ಮಶೀನು ನೋಡಿದಳು, ಮುಂದೆ ಬಂದು ಬಟ್ಟೆ ನೋಡಿದಳು. ಬೈಯುತ್ತಾಳೆ ಎಂದು ನಾನು ಕಣ್ಣು ಮುಚ್ಚಿಕೊಂಡು ನಿಂತೆ. ಬೈಯಲಿಲ್ಲ. ದಾರದ ರೀಲು ಅವಳ ಕೈಯಿಂದ ಜಾರಿ ನೆಲದ ಮೇಲೆ ಉರುಳಿಕೊಂಡು ಹೋಯಿತು. ಅದನ್ನು ಹಿಡಿಯಲಿಕ್ಕೂ ಅವಳು ಬಗ್ಗಲಿಲ್ಲ.

"ಇದು ಒಂದೇ ತುಂಡ್ರಿ" ಎಂದಳು ಮೆಲ್ಲಗೆ. "ಮತ್ತ ತರ್ಲಿಕ್ಕ ಬರಂಗಿಲ್ಲ."

ಅವಳು ಕೂಗಿದ್ದರೆ ನಾನೂ ಕೂಗಿ ಮುಗಿಸಿಬಿಡುತ್ತಿದ್ದೆ. ಮೆಲುಮಾತಿಗೆ ಎದುರು ಕೂಗುವುದು ಹೇಗೆ? ಕಂಪ್ಯೂಟರಿನತ್ತ ಕೈ ತೋರಿಸಿದೆ.

"ಅಲ್ಲ, ಪರದಿ ಮ್ಯಾಲ ದಪ್ಪ ಇದ್ದವು. ನೀನೇ ಬಂದು ನೋಡು..."

ಅವಳು ಕಂಪ್ಯೂಟರ್ ಮುಂದೆ ಕುಳಿತಳು. ಡಿಸೈನ್ ಮುಚ್ಚಿ, ಖಾಲಿ ಹಾಳೆಯ ಮೇಲೆ ಒಂದು ಗುಂಡನೆಯ ವರ್ತುಲ ಹಾಕಿದಳು. ಎರಡೂ ಕಡೆಯ ಅಳತೆ ಸರಿಸಮ ಎಂದು ಸಾಫ್ಟ್‌ವೇರ್ ಅಂಕಿ ತೋರಿಸುತ್ತಿತ್ತು. ಕೈಯಿಂದ ಒಂದು ಹಸಿರು ಬಳೆ ತೆಗೆದು ಪರದೆಗೆ ಹಿಡಿದಳು.

ಬಳೆ ಗುಂಡಗಿತ್ತು. ನನ್ನ ಪರದೆಯ ವರ್ತುಲ ಕೋಳಿಮೊಟ್ಟೆಯಾಗಿತ್ತು!

"ಬಳಿ ಸರಿ ಅದ" ಎಂದಳು. "ಆನಿನೂ ಸರಿ ಇದ್ದವು. ನಿಮ್ಮ ಪರದಿನೇ ಜಗ್ಗಿ ಜಗ್ಗಿ ಅಡ್ಡ ಮಲಗ್ಯಾದ. ಇದಕ್ಕ ಅಂತೀರೇನು ಎಚ್‌ಡಿ ಅಂತ?"

ಅಷ್ಟರಲ್ಲಿ ಆ ಕೆಳಗಿನ ಮೂಲೆಯಲ್ಲಿ ಮತ್ತೆ ಚೀಟಿ ಮೂಡಿತು. ನನ್ನ ಕೈ ರೂಢಿಯಂತೆ ಅದನ್ನು ಮುಚ್ಚಲು ಮುಂದೆ ಹೋಯಿತು. ಚಂದ್ರಕಲಾ ನನ್ನ ಕೈ ತಳ್ಳಿ ಓದಿದಳು. 'ಈ ವರ್ಚುವಲ್ ಮಶೀನಿಗೆ ಸರಿಯಾದ ಡಿಸ್ಪ್ಲೇ ಡ್ರೈವರ್ ಹಾಕಿಲ್ಲ. ಹಾಕಲು ಇಲ್ಲಿ ಒತ್ತಿ' ಎಂಬರ್ಥದ ಇಂಗ್ಲಿಷ್ ಸಾಲು. ಒತ್ತಿದಳು. ಒಳಗಿನ ಯಂತ್ರ ಒಂದು ಸಲ ಮಲಗಿ ಎದ್ದಿತು. ಪರದೆ ತುಂಬ, ಎಲ್ಲೂ ಕಪ್ಪಿಲ್ಲದೆ, ಎಲ್ಲೂ ಎಳೆತವಿಲ್ಲದೆ, ನೆಟ್ಟಗೆ ನಿಂತಿತು. ಮೊಟ್ಟೆ ಗುಂಡಗಾಗಿ ಬಳೆಯೊಳಗೆ ಕುಳಿತಿತು.

ನಾಲ್ಕು ನಿಮಿಷ!

"ಎಷ್ಟು ಸಲ ಬಂದಿತ್ತು ಈ ಚೀಟಿ?"

"ಹತ್ತು ಹನ್ನೊಂದು ಸಲ ಬಂದಿರಬೇಕು."

"ಒಂದು ಸಲನೂ ಓದಲಿಲ್ಲ?"

"ಅದು ಓದಲಿಕ್ಕಂತ ಬರ್ತದ ಅಂತ ಗೊತ್ತಿರಲಿಲ್ಲ" ಎಂದೆ. ನನ್ನ ಬಾಯಿಂದ ಬಂದ ಮೊದಲ ಪ್ರಾಮಾಣಿಕ ಮಾತು ಅದು.

ಆವತ್ತೇ ಮಧ್ಯಾಹ್ನ ಬ್ಲೌಸಿನ ಅಳತೆ ನೋಡಲು ಲುಂಬಿನಿ ಬರುವುದಿತ್ತು. ನಾನು ನಾಲ್ಕು ಸುಳ್ಳುಗಳನ್ನು ಸಿದ್ಧ ಮಾಡಿಕೊಂಡೆ. ಮಶೀನು ಕೆಟ್ಟಿತು, ಕರೆಂಟು ಏರುಪೇರಾಯಿತು, ಇದು ಈಗಿನ ಫ್ಯಾಷನ್ನು, ಪೆನ್‌ಡ್ರೈವಿಗೆ ವೈರಸ್ ಹತ್ತಿ ಆನೆಗಳಿಗೂ ತಗುಲಿತು. ಲುಂಬಿನಿ ಒಬ್ಬಳೇ ಬಂದಿದ್ದರೆ ಇವುಗಳಲ್ಲಿ ಒಂದಾದರೂ ನಡೆಯುತ್ತಿತ್ತು. ಜೊತೆಗೆ ಅಜ್ಜಿ ಭೀಮಮ್ಮನೂ ಬಂದಳು! ಎಪ್ಪತ್ತು ದಾಟಿದ ಮುದುಕಿ, ಕೋಲು ಹಿಡಿದಿದ್ದರೂ ಬೆನ್ನು ಬಾಗಿರಲಿಲ್ಲ.

ಅಜ್ಜಿ ಬಟ್ಟೆಯನ್ನು ತೊಡೆಯ ಮೇಲೆ ಹಾಸಿಕೊಂಡಳು. ಬೆರಳಿನಿಂದ ಒಂದೊಂದೇ ಆನೆಯನ್ನು ಸವರಿದಳು. ಲುಂಬಿನಿಯ ಮುಖ ಸಣ್ಣದಾಗಿತ್ತು. ಅಜ್ಜಿಯನ್ನೇ ನೋಡುತ್ತಿದ್ದಳು.

"ಅಜ್ಜೀ, ತಪ್ಪು ನಂದು..." ಎಂದು ಚಂದ್ರಕಲಾ ಬಾಯಿ ತೆರೆದಳು.

ನನಗೆ ಏನಾಯಿತೋ, ನಾಲ್ಕೂ ಸುಳ್ಳು ಒಮ್ಮೆಲೇ ಮರೆತುಹೋದವು. "ಅಕೀದು ಅಲ್ಲ ಅಜ್ಜಿ, ನಂದು. ಮುಟ್ಟಬ್ಯಾಡ್ರಿ ಅಂತ ಹೇಳಿ ಹೋಗಿದ್ಳು. ನಾ ಮುಟ್ಟಿದೆ. ಆನಿ ದಪ್ಪ ಆಗ್ಯಾವ ಅಂತ ಸಣ್ಣ ಮಾಡಿದೆ."

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಖರೇ ಆನಿ ನೋಡಿಯೇನು ನೀ?"

"ನೋಡೀನಿ ಅಜ್ಜಿ. ಸರ್ಕಸಿನ್ಯಾಗ."

"ದಪ್ಪ ಇತ್ತೋ, ಸಣ್ಣ ಇತ್ತೋ?"

"ದಪ್ಪನೇ ಇತ್ತು."

"ಮತ್ತ!"

ಲುಂಬಿನಿಗೆ ತಡೆಯಲಾಗಲಿಲ್ಲ. ಮುಖ ಮುಚ್ಚಿಕೊಂಡು ನಕ್ಕಳು. ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. "ಅಣ್ಣಾರ, ನಮ್ಮ ದವಾಖಾನಿಗೆ ಕರಕೊಂಡು ಬರ್ರಿ ಇವನ್ನ. ಎಂಟಕ್ಕೂ ಸಲೈನ್ ಹಚ್ತೀನಿ" ಎಂದಳು. ಅವ್ವ ನಕ್ಕಳು. ಚಂದ್ರಕಲಾ ನಕ್ಕಳು, ಒಂದೇ ಕ್ಷಣ. ಆಮೇಲೆ ಬಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಅಜ್ಜೀ, ಇದನ್ನ ಬಿಚ್ಚಿದ್ರ ಸೂಜಿ ತೂತು ಉಳೀತಾವ. ಆದ್ರ ಇವು ಸಣ್ಣ ಆನಿ. ನಾ ಮೊದಲು ಬರೆದದ್ದು ದೊಡ್ಡ ಆನಿ. ಅದೇ ಜಾಗಾದಾಗ ದೊಡ್ಡದು ಹೊಲದ್ರ, ಈ ತೂತು ಎಲ್ಲಾ ಅದರ ಹೊಟ್ಟಿ ಕೆಳಗ ಮುಚ್ಚಿ ಹೋಗ್ತಾವ. ಇವರು ಸಣ್ಣ ಮಾಡಿದ್ದಕ್ಕ ಬದುಕಿದ್ವಿ. ದಪ್ಪ ಮಾಡಿದ್ರ ಮುಗೀತಿತ್ತು."

"ನೋಡ್ದ್ಯಾ!" ಎಂದೆ ನಾನು. ಯಾರೂ ನೋಡಲಿಲ್ಲ.

"ಬಿಚ್ಚೋರು ಯಾರು?" ಎಂದಳು ಅಜ್ಜಿ. ಕೇಳಿದ್ದು ಎಲ್ಲರನ್ನೂ, ಕೋಲು ತೋರಿಸಿದ್ದು ನನ್ನ ಕಡೆ.

ಹೀಗೆ ಕಂಪ್ಯೂಟರ್ ಪಂಡಿತ ಹಣಮಂತರಾಯ ಎರಡು ದಿನ ಶಾಲೆಗೆ ರಜೆ ಹಾಕಿ, ಕಿಟಕಿಯ ಬೆಳಕಿಗೆ ಕುಳಿತು, ಸಣ್ಣ ಕತ್ತರಿಯಿಂದ ಆನೆ ಬಿಚ್ಚಿದ! ಒಂದು ಆನೆಯಲ್ಲಿ ಎಷ್ಟು ಹೊಲಿಗೆ ಇರುತ್ತವೆ, ಗೊತ್ತೇ? ಸಾಫ್ಟ್‌ವೇರ್ ಹೇಳುವ ಪ್ರಕಾರ ಎರಡು ಸಾವಿರದ ಮುನ್ನೂರು. ರೇಷ್ಮೆಯ ಎಳೆ ಹರಿಯದಂತೆ ಒಂದೊಂದನ್ನೇ ಎತ್ತಿ, ಕತ್ತರಿಸಿ, ಚಿಮಟದಿಂದ ಎಳೆಯಬೇಕು. ಮೊದಲನೆಯ ಆನೆಯ ಕಾಲು ಬಿಚ್ಚುವವರೆಗೂ ಅಜ್ಜಿ ನನ್ನ ಎದುರಿಗೇ ಕುಳಿತಿದ್ದಳು. ಎಳೆ ಜೋರಾಗಿ ಜಗ್ಗಿದರೆ ಕೋಲಿನಿಂದ ನೆಲ ಕುಟ್ಟುವಳು. ಕೊನೆಗೆ "ಕೈ ಹಗುರ ಆಗ್ಯಾದ, ಮಾಡ್ತಾನ" ಎಂದು ಸರ್ಟಿಫಿಕೇಟ್ ಕೊಟ್ಟು ಚಿತ್ತಾಪುರದ ರೈಲು ಹಿಡಿದಳು. ಹನ್ನೊಂದು ವರ್ಷದ ನೌಕರಿಯಲ್ಲಿ ನನಗೆ ಯಾರೂ ಅಂಥ ಸರ್ಟಿಫಿಕೇಟ್ ಕೊಟ್ಟಿರಲಿಲ್ಲ.

ಶೌಕತ ಅಲಿ ಚಾಚಾ ದಿನಕ್ಕೆ ಎರಡು ಸಲ ಇಣುಕಿದರು. "ಗಾಡಿ ಎಲ್ಲಿಗೆ ಬಂತು?"

"ಐದನೇ ಆನಿ ಸೊಂಡಿ ದಾಟ್ಯಾದ ಚಾಚಾ."

"ಬಹುತ್ ಲೇಟ್ ಚಲ್ ರಹೀ ಹೈ" ಎಂದು ತಲೆಯಾಡಿಸಿ ಹೋಗುವರು.

ಮೂರನೆಯ ದಿನ ಚಂದ್ರಕಲಾ ಬಟ್ಟೆಯನ್ನು ಮತ್ತೆ ಫ್ರೇಮಿಗೆ ಬಿಗಿದಳು. ಹಸಿರು ಗುಂಡಿ ಒತ್ತುವಾಗ ನಾನು ಅಂಗಳದಲ್ಲಿ ನಿಂತಿದ್ದೆ. ಒಳಗೆ ಬರಲು ಧೈರ್ಯವಿರಲಿಲ್ಲ. ಎರಡು ತಾಸಿನ ಮೇಲೆ ಅವ್ವನ ಕೂಗು ಕೇಳಿಸಿತು: "ಹಣಮ್ಯಾ, ಬಾರೋ, ಆನಿಗೆ ಜೀವ ಬಂತು!" ಹೋಗಿ ನೋಡಿದೆ. ಎಂಟು ಆನೆಗಳು ತುಂಬಿದ ಮೈಯಲ್ಲಿ, ಗಂಭೀರವಾಗಿ, ನೀಲಿ ಕಮಲ ಹಿಡಿದು ನಿಂತಿದ್ದವು. ಒಂದು ತೂತೂ ಕಾಣಲಿಲ್ಲ. ನಾನು ಬಿಚ್ಚಿದ ಬಂಗಾರದ ಎಳೆಗಳ ಗುಪ್ಪೆ ಪಕ್ಕದ ತಟ್ಟೆಯಲ್ಲಿತ್ತು. ಚಂದ್ರಕಲಾ ನನ್ನ ಮುಖ ನೋಡಿ, "ಕೈ ಚಲೋ ಅದ ನಿಮ್ದು. ಬಿಚ್ಚೋ ಕೆಲಸಕ್ಕ" ಎಂದಳು. ಹೊಗಳಿಕೆಯೋ ಬೈಗುಳವೋ ವಿಚಾರಿಸಲು ಹೋಗಲಿಲ್ಲ. ಸಿಕ್ಕಿದ್ದನ್ನು ಜೇಬಿಗೆ ಹಾಕಿಕೊಂಡೆ.

ಭಾನುವಾರ ಮದುವೆ. ಗಂಡಿನ ಕಡೆಯವರು ಚಿಂಚೋಳಿಯವರು, ಹೆಣ್ಣಿನ ಕಡೆಯವರು ಚಿತ್ತಾಪುರದವರು. ಎರಡೂ ಕಡೆಗೆ ನಡುವೆ ಆಗಲೆಂದು ಸೇಡಂನ ಒಂದು ಹಾಲಿನಲ್ಲಿ ಇಟ್ಟುಕೊಂಡಿದ್ದರು. ಬಿಳಿ ಸೀರೆಯಲ್ಲಿ ಲುಂಬಿನಿ ವೇದಿಕೆಯ ಮೇಲೆ ತಿರುಗಿದಾಗಲೆಲ್ಲ ಆನೆಗಳು ಮಿಂಚುತ್ತಿದ್ದವು. ಹೆಂಗಸರು ಗುಂಪುಗಟ್ಟಿ ಬಂದು ಚಂದ್ರಕಲಾಳ ಫೋನ್ ನಂಬರ್ ಬರೆದುಕೊಂಡರು. ಭೀಮಮ್ಮಜ್ಜಿ ಮೊಮ್ಮಗಳ ಬೆನ್ನು ಸವರಿ ಸವರಿ ನೋಡುತ್ತಿದ್ದಳು. ನನ್ನನ್ನು ಕಂಡು ದೂರದಿಂದಲೇ ಕೋಲು ಎತ್ತಿದಳು. ಆಶೀರ್ವಾದವೆಂದು ತಿಳಿದು ಕೈ ಮುಗಿದೆ.

ಊಟ ಮುಗಿಸಿ ನಾವಿಬ್ಬರೂ ಮೂರನೆಯ ಸಾಲಿನಲ್ಲಿ ಕುಳಿತೆವು. ವೇದಿಕೆಯ ಪಕ್ಕದಲ್ಲಿ ಗೋಡೆಯಷ್ಟು ದೊಡ್ಡ ಎಲ್‌ಇಡಿ ಪರದೆ ಹಾಕಿದ್ದರು. ಕ್ಯಾಮರಾದವನು ಬಂದವರನ್ನೆಲ್ಲ ಸಾಲಾಗಿ ತೋರಿಸುತ್ತ ಬಂದ. ನಮ್ಮ ಸಾಲೂ ಬಂತು. ಪರದೆಯ ಮೇಲೆ ನನ್ನನ್ನು ನಾನು ನೋಡಿ ಗಾಬರಿಯಾದೆ. ಕುತ್ತಿಗೆಯೇ ಇಲ್ಲ! ಹೊಟ್ಟೆ ಕುರ್ಚಿಯ ಎರಡೂ ಕೈಗಳನ್ನು ದಾಟಿ ಆಚೆ ಹೋಗಿದೆ! ಅಂಗಿಯ ನಡುವಿನ ಗುಂಡಿ ಈಗಲೋ ಆಗಲೋ ಹಾರುವಂತಿದೆ!

ಆದರೆ ನಾನೀಗ ಪಳಗಿದವನು. ಕಾಯಿಲೆ ಏನೆಂದು ಒಂದೇ ನೋಟಕ್ಕೆ ತಿಳಿಯಿತು. ಹೆಂಡತಿಯತ್ತ ವಾಲಿ, ತಜ್ಞನ ದನಿಯಲ್ಲಿ ಪಿಸುಗುಟ್ಟಿದೆ.

"ನೋಡು, ಇವರೂ ಪರದಿ ಅಡ್ಡಕ್ಕ ಎಳದಾರ. ರೆಸಲ್ಯೂಶನ್ ತಪ್ಪಾಗ್ಯಾದ. ನಾ ಎಷ್ಟು ದಪ್ಪ ಕಾಣ್ಲಿಕತ್ತೀನಿ! ಹೋಗಿ ಆ ಆಪರೇಟರಿಗೆ ಹೇಳಲೇನು?"

ಚಂದ್ರಕಲಾ ಪರದೆಯನ್ನು ನೋಡಿದಳು. ನನ್ನನ್ನು ನೋಡಿದಳು. ಮತ್ತೊಮ್ಮೆ ಪರದೆಯನ್ನು ನೋಡಿದಳು.

"ಕುಂದ್ರಿ ಸುಮ್ಮ" ಎಂದಳು. "ನಿಮ್ಮ ಬಾಜೂಕೇ ನಾನೂ ಕುಂತೀನಲ್ರಿ. ನಾ ಇದ್ದಂಗೇ ಕಾಣ್ಲಿಕತ್ತೀನಿ."